ಓದುಗರ ಪ್ರಶ್ನೋತ್ತರ: ಕಾಯಂ ಸೈನಿಕರೂ ಟೆರಿಟೋರಿಯಲ್ ಆರ್ಮಿಯವರೂ

ಪ್ರಶ್ನೆ: ಮಾನ್ಯರೇ, ನನಗೀಗ 31 ವರ್ಷ, ಸಹಕಾರಿ ಬ್ಯಾಂಕೊಂದರಲ್ಲಿ ಶಾಖಾ ವ್ಯವಸ್ಥಾಪಕನಾಗಿದ್ದೇನೆ. ಉದ್ಯೋಗದಲ್ಲಿದ್ದುಕೊಂಡೇ ಸೇನೆಯಲ್ಲಿ ಸೇವೆ ಸಲ್ಲಿಸಬಹುದಾದ ಟೆರಿಟೋರಿಯಲ್ ಆರ್ಮಿಯ (ಟಿಎ) ಅಧಿಕಾರಿ ಪರೀಕ್ಷೆ ಬರೆಯಬೇಕೆಂದಿದ್ದೇನೆ. ಬೆಂಗಳೂರಿನ ಎಂಇಜಿಯಲ್ಲಿ (ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್) ಸುಬೇದಾರರಾಗಿ ನಿವೃತ್ತರಾದ ನಮ್ಮ ಸೋದರಮಾವನಿಗೆ ವಿಷಯ ತಿಳಿದಂದಿನಿಂದ, ‘ವರ್ಷಕ್ಕೆರಡು ತಿಂಗಳು ಯೂನಿಫಾರಂ ಹಾಕ್ಕೊಳ್ಳೋ ನಿನಗೆ ನನ್ನಂಥೋರು ಸೆಲ್ಯೂಟ್ ಹೊಡೀಬೇಕೇನೋ?’ ಎಂದು ಮನೆಮಂದಿಯ ಎದುರೇ ಹಂಗಿಸುತ್ತಿದ್ದಾರೆ. ಕಾಯಂ ಸೈನಿಕರೆಲ್ಲರೂ ಟಿಎಯವರನ್ನು ಹೀಗೆಯೇ ಕಾಣುತ್ತಾರೆಯೇ?
– ಓದುಗರು, ಹಾಸನ

ಉತ್ತರ: ಎಲ್ಲರೂ ಅಲ್ಲ, ಆದರೆ ಹಲವರು ಹೀಗೆ ಕಾಣುವುದುಂಟು, ಮತ್ತು ಅದಕ್ಕೆ ಕಾರಣವೇ ಇಲ್ಲವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದು ಸರಿಯಲ್ಲ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ಬರುವ ಅಧಿಕಾರಿ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಬಳಿಕ ಡೆಹ್ರಾಡೂನ್‌ನಲ್ಲಿ ಒಂದು ವರ್ಷ ತರಬೇತಿ ಪಡೆದು ಹೆಗಲಿಗೆ ನಕ್ಷತ್ರ ಹಚ್ಚಿಕೊಳ್ಳುತ್ತಾನೆ. ನೀವು ಆಯ್ಕೆಯಾದರೆ ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ, ಪ್ರತಿ ವರ್ಷ ಎರಡು ತಿಂಗಳ ಶಿಬಿರ, ಮೊದಲ ಎರಡು ವರ್ಷಗಳೊಳಗೆ ಡೆಹ್ರಾಡೂನ್‌ನಲ್ಲಿ ಮೂರು ತಿಂಗಳ ತರಬೇತಿ ಇರುತ್ತವೆ. ಇಬ್ಬರ ಹೆಗಲ ಮೇಲಿನ ನಕ್ಷತ್ರ ಒಂದೇ, ಸೇವೆಯಲ್ಲಿರುವ ದಿನಗಳ ಸಂಬಳ ಒಂದೇ, ಕಮಿಷನ್ (ಅಧಿಕಾರಿಯಾಗಿ ನೇಮಕ) ನೀಡುವವರೂ ರಾಷ್ಟ್ರಪತಿಗಳೇ. ನಿಮ್ಮ ಮಾವನವರ ಅಸಮಾಧಾನ ಈ ಸಮಾನತೆಯ ಬಗ್ಗೆ. ಇಪ್ಪತ್ತು ವರ್ಷ ಸೇತುವೆ ಕಟ್ಟಿ, ಮೈನು ತೆಗೆದು ಬಂದ ಸುಬೇದಾರನಿಗೆ ಹಾಗೆನಿಸಿದರೆ ಅದನ್ನು ಬರೀ ಹೊಟ್ಟೆಕಿಚ್ಚು ಎಂದು ತಳ್ಳಿಹಾಕಲಾಗದು. (ಅವರು ಈಗಾಗಲೇ ನಿವೃತ್ತರಾಗಿರುವುದರಿಂದ ಸೆಲ್ಯೂಟಿನ ಸಮಸ್ಯೆ ನಿಮ್ಮ ಮನೆಯಲ್ಲಂತೂ ಉದ್ಭವಿಸುವುದಿಲ್ಲ.)

ಕಾಯಂ ಸೇನೆಯಲ್ಲಿದ್ದಾಗ ನಾನೂ ಟಿಎ ಶಿಬಿರವೊಂದರಲ್ಲಿ ತರಬೇತಿಯ ಜವಾಬ್ದಾರಿ ಹೊತ್ತಿದ್ದೆ. ಮೊದಲ ವಾರ ಉಸ್ತಾದರ (ತರಬೇತುದಾರರ) ಮುಖದಲ್ಲಿ ನಗೆ ಅಡಗುತ್ತಿರಲಿಲ್ಲ. ಐದು ಕಿಲೋಮೀಟರ್ ಓಟದಲ್ಲಿ ಅರ್ಧ ದಾರಿಗೇ ಏದುಸಿರು ಬಿಡುವ ಲೆಫ್ಟಿನೆಂಟ್, ಹೊಸ ಬೂಟು ಕಚ್ಚಿ ಕುಂಟುವ ವಕೀಲ, ಫೈರಿಂಗ್ ರೇಂಜಿನಲ್ಲಿ ಗುರಿಹಲಗೆಯ ತುಂಬ ಚದುರಿದ ಗುಂಡುಗಳು, ಇವನ್ನೆಲ್ಲ ನೋಡಿ ಹವಾಲ್ದಾರರೊಬ್ಬರು, ‘ಸಾಹೇಬರು ಹಲಗೆಯ ನಾಲ್ಕು ಮೂಲೆಗೂ ನ್ಯಾಯ ಒದಗಿಸಿದ್ದಾರೆ’ ಎಂದಿದ್ದರು. ಆದರೆ ಅದೇ ಶಿಬಿರದ ಮೂರನೆಯ ವಾರದಲ್ಲಿ ಜನರೇಟರ್ ಕೈಕೊಟ್ಟಾಗ, ವರ್ಕ್‌ಶಾಪಿನಿಂದ ಜನ ಬರುವುದಕ್ಕೆ ಕಾಯದೆ ಅದರ ಆಲ್ಟರ್ನೇಟರನ್ನು ಬಿಚ್ಚಿ, ಸುಟ್ಟಿದ್ದ ಡಯೋಡನ್ನು ಪತ್ತೆಹಚ್ಚಿ ರಾತ್ರಿ ಊಟದ ಹೊತ್ತಿಗೆ ದೀಪ ಹೊತ್ತಿಸಿದವನು ಅರ್ಧ ದಾರಿಗೆ ಏದುಸಿರು ಬಿಟ್ಟಿದ್ದ ಆ ಲೆಫ್ಟಿನೆಂಟನೇ. ಊರಲ್ಲಿ ಆತ ವಿದ್ಯುತ್ ಇಂಜಿನಿಯರ್. ಮರುದಿನದಿಂದ ಉಸ್ತಾದರು ಅವನ ಓಟವನ್ನು ತಿದ್ದುವುದನ್ನೇನೂ ಬಿಡಲಿಲ್ಲ, ಬೈಗುಳವನ್ನೂ ಕಡಿಮೆ ಮಾಡಲಿಲ್ಲ, ಆದರೆ ಅವನಿಗಾಗಿ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಏಳತೊಡಗಿದರು. ಪಲ್ಟನ್ನಿನಲ್ಲಿ ಗೌರವವನ್ನು ತೋರಿಸುವ ರೀತಿ ಬಹುಮಟ್ಟಿಗೆ ಇದೇ.

ಈ ಪೈಪೋಟಿ ನಮ್ಮ ದೇಶದ್ದೇ ವಿಶೇಷವೂ ಅಲ್ಲ. ಭಾರತದಲ್ಲಿ ಸೇನಾ ದಂಡನಾಯಕನಾಗಿದ್ದ ಕಿಚನರ್, 1914ರಲ್ಲಿ ಬ್ರಿಟನ್ನಿನ ಯುದ್ಧಮಂತ್ರಿಯಾದಾಗ, ಅಲ್ಲಿನ ಟೆರಿಟೋರಿಯಲ್ ಪಡೆಯನ್ನು ನಂಬದೆ ಹೊಸದೊಂದು ಸ್ವಯಂಸೇವಕ ಸೇನೆಯನ್ನೇ ಕಟ್ಟಲು ಹೊರಟ. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಬೆಲ್ಜಿಯಂನ ಮೆಸಿನ್ ಬಳಿ ಕಾಯಂ ಸೇನೆಯ ಸಾಲು ಕುಸಿಯುವಂತಿದ್ದಾಗ ಕಾದಾಟಕ್ಕೆ ಇಳಿದವರಲ್ಲಿ ಆ ಟೆರಿಟೋರಿಯಲ್ ಪಡೆಯ ಲಂಡನ್ ಸ್ಕಾಟಿಷ್ ದಳವೂ ಇತ್ತು.

ನಿಮಗೆ ನನ್ನ ಸಲಹೆ ಇಷ್ಟೇ: ಪರೀಕ್ಷೆ ಬರೆಯಿರಿ, ಆದರೆ ಇದನ್ನು ವಿಸಿಟಿಂಗ್ ಕಾರ್ಡಿಗೊಂದು ಅಲಂಕಾರವೆಂದು ಭಾವಿಸಬೇಡಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಟೆರಿಟೋರಿಯಲ್ ಆರ್ಮಿ ನಿಯಮಗಳ 33ನೇ ನಿಯಮದಡಿ ಟಿಎಯವರನ್ನು ಸೇವೆಗೆ ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ನೀಡಿತು. 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ವಿವಿಧ ಕಮಾಂಡ್‌ಗಳಲ್ಲಿ ನಿಯೋಜಿಸಲು ಅದೇ ಆದೇಶ ಅನುವು ಮಾಡಿತು. ಅಂಥ ಕರೆ ಬಂದಾಗ ಬ್ಯಾಂಕಿನ ವರ್ಷಾಂತ್ಯದ ಲೆಕ್ಕ, ಮಗಳ ನಾಮಕರಣ ಯಾವುದೂ ನೆಪವಾಗುವುದಿಲ್ಲ. ಹಿಂದಿರುಗಿದಾಗ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಬೇಕೆಂದು ಮಾಲೀಕರಿಗೆ ವಿಧಿಸುವ ಕಲಮು ಟೆರಿಟೋರಿಯಲ್ ಆರ್ಮಿ ಕಾಯ್ದೆಯಲ್ಲೇ ಇದೆ. ಇನ್ನು ನಿಮ್ಮ ಮಾವನವರನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ. ನಕ್ಷೆ ಓದುವುದನ್ನು ಹೇಳಿಕೊಡಿ ಎಂದು ಕೇಳಿ. ಎಂಇಜಿಯ ಸುಬೇದಾರರು ಮನೆಯಲ್ಲೇ ಇರುವಾಗ ಕೋಚಿಂಗ್ ಕ್ಲಾಸಿಗೆ ದುಡ್ಡು ಸುರಿಯುವುದು ದಡ್ಡತನ.

ಪ್ರಶ್ನೆ: ಕ್ರಿಕೆಟಿಗರಿಗೂ ಸಿನಿಮಾ ನಟರಿಗೂ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಡುವ ಟಿಎಯನ್ನು ನನ್ನಂಥ ಹಳೆಯ ಸೈನಿಕ ಗಂಭೀರವಾಗಿ ಪರಿಗಣಿಸಬೇಕೆಂದು ತಾವು ಹೇಳುವಿರಾ?
– ನಿವೃತ್ತ ಯೋಧ, ಮಡಿಕೇರಿ

ಉತ್ತರ: ಹೌದು, ಹೇಳುತ್ತೇನೆ. ಗೌರವ ಪದವಿ ಬೇರೆ, ಕಮಿಷನ್ ಬೇರೆ ಎಂಬುದು ತಮಗೆ ಗೊತ್ತಿಲ್ಲದ್ದೇನಲ್ಲ. ಕಪಿಲ್ ದೇವ್, ಮೋಹನ್‌ಲಾಲ್, ಧೋನಿ ಇವರಿಗೆ ದೊರೆತದ್ದು ಗೌರವ ಪದವಿ. ಧೋನಿಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು: ಅವರು 2015ರಲ್ಲಿ ಆಗ್ರಾದಲ್ಲಿ ಪ್ಯಾರಾಚೂಟ್ ಜಿಗಿತಗಳನ್ನು ಪೂರೈಸಿದರು, 2019ರಲ್ಲಿ ನಮ್ಮ ಬೆಂಗಳೂರಿನದೇ ಆದ 106ನೇ ಟಿಎ ಬೆಟಾಲಿಯನ್ನಿನೊಂದಿಗೆ ಕಾಶ್ಮೀರದಲ್ಲಿ ಎರಡು ವಾರ ಗಸ್ತು, ಕಾವಲು ಮಾಡಿದರು. ಆದರೂ ಅದರ ಹೆಸರಿನಲ್ಲಿ ಪತ್ರಿಕೆಗಳು ಬರೆದ ಪುಟಗಳಲ್ಲಿ ಕಾಲು ಭಾಗವನ್ನಾದರೂ ಅದೇ ಬೆಟಾಲಿಯನ್ನಿನ ಜವಾನರ ಬಗ್ಗೆ ಬರೆದಿದ್ದರೆ ತಮ್ಮ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಈ ಗೌರವ ಪದವಿಗಳಿಂದ ಪ್ರಚಾರ ಸಿಗುವುದು ನಿಜ. ನಷ್ಟವಾಗುವುದು ಮಾತ್ರ ಶಿಬಿರದಲ್ಲಿ ಬೆವರು ಹರಿಸುವ ನಿಜವಾದ ಟಿಎ ಅಧಿಕಾರಿಗೆ ಎಂಬುದು ನನ್ನ ಅಭಿಪ್ರಾಯ.

ತಾವು ತೂಗಬೇಕಾದದ್ದು ಬೇರೆ ಹೆಸರುಗಳನ್ನು. ಕಾಶ್ಮೀರದ ಕುಲ್ಗಾಂ ಜಿಲ್ಲೆಯ ಲ್ಯಾನ್ಸ್ ನಾಯಕ್ ನಜೀರ್ ಅಹ್ಮದ್ ವಾನಿ ಒಂದು ಕಾಲಕ್ಕೆ ಉಗ್ರರ ಜೊತೆಗಿದ್ದು, ಆ ದಾರಿ ಬಿಟ್ಟು, 2004ರಲ್ಲಿ 162ನೇ ಟಿಎ ಬೆಟಾಲಿಯನ್ ಸೇರಿದವರು. 34 ರಾಷ್ಟ್ರೀಯ ರೈಫಲ್ಸ್‌ನ ಕಾಯಂ ಸೈನಿಕರ ಜೊತೆ ಕೆಲಸ ಮಾಡುತ್ತಿದ್ದ ಅವರು 2018ರ ನವೆಂಬರ್ 25ರಂದು ಶೋಪಿಯಾನ್‌ನ ಬಟಗುಂಡ್‌ನಲ್ಲಿ ನಡೆದ ಕಾರ್ಯಾಚರಣೆಯಲ್ಲಿ, ಗುಂಡು ತಗುಲಿದ ಮೇಲೂ ಹೋರಾಡಿ ಮಡಿದರು. ಅದಕ್ಕೂ ಮುಂಚೆ ಎರಡು ಬಾರಿ ಸೇನಾ ಪದಕ ಪಡೆದಿದ್ದ ಅವರಿಗೆ 2019ರ ಗಣರಾಜ್ಯೋತ್ಸವದಂದು ಮರಣೋತ್ತರ ಅಶೋಕ ಚಕ್ರ ಸಂದಿತು. ಶಾಂತಿಕಾಲದ ಅತ್ಯುನ್ನತ ಶೌರ್ಯ ಪ್ರಶಸ್ತಿಯದು. ಇನ್ನೊಂದು ಕಡೆ, 2022ರ ಜೂನ್ 30ರ ನಸುಕಿನಲ್ಲಿ ಮಣಿಪುರದ ತುಪುಲ್ ಬಳಿ ಗುಡ್ಡ ಕುಸಿದು 107ನೇ ಟಿಎ ಬೆಟಾಲಿಯನ್ನಿನ ಶಿಬಿರವನ್ನು ನುಂಗಿತು. ಇಪ್ಪತ್ತಕ್ಕೂ ಹೆಚ್ಚು ಟಿಎ ಸೈನಿಕರು ಸತ್ತರು. ಅವರು ಅಲ್ಲಿ ಮಾಡುತ್ತಿದ್ದುದು ನಿರ್ಮಾಣದಲ್ಲಿದ್ದ ರೈಲು ಮಾರ್ಗದ ಕಾವಲು. ಯಾರ ಕಣ್ಣಿಗೂ ಬೀಳದ ಇಂಥ ಕೆಲಸವನ್ನು ಟಿಎ ಹೊತ್ತುಕೊಳ್ಳುವುದರಿಂದಲೇ ಕಾಯಂ ಪಲ್ಟನ್ನುಗಳು ಗಡಿಗೆ ಹೋಗಲು ಬಿಡುವಾಗುತ್ತವೆ. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಈ ಸೇನೆಯನ್ನು ಉದ್ಘಾಟಿಸಿದಾಗ ದಂಡನಾಯಕರಾಗಿದ್ದವರು ತಮ್ಮ ಜಿಲ್ಲೆಯ ಕಾರ್ಯಪ್ಪನವರೇ ಎಂಬುದನ್ನು ನೆನಪಿಸಿದರೆ ತಾವು ತಪ್ಪು ತಿಳಿಯಲಾರಿರಿ.

ಪ್ರಶ್ನೆ: ನಮ್ಮ ಯಜಮಾನರು ಟಿಎ ಜವಾನರು. ಕಾಶ್ಮೀರದಲ್ಲಿ ನಾಲ್ಕು ವರ್ಷ ಇದ್ದು ಈಗ ಡಿಸ್‌ಎಂಬಾಡಿ ಆಗಿ (ಮುಂದಿನ ಕರೆ ಬರುವವರೆಗೆ ಸೇವೆಯಿಂದ ಬಿಡುಗಡೆಯಾಗಿ) ಮನೆಗೆ ಬಂದಿದ್ದಾರೆ, ಸಂಬಳವಿಲ್ಲ. ಊರಿನ ಮಾಜಿ ಸೈನಿಕರು ಧ್ವಜಾರೋಹಣಕ್ಕೆ ಎಲ್ಲರನ್ನೂ ಕರೆದರು, ಇವರನ್ನು ಕರೆಯಲಿಲ್ಲ. ಇವರು ಸೈನಿಕರಲ್ಲವೇ?
– ಓದುಗರು, ಬೆಳಗಾವಿ ಜಿಲ್ಲೆ

ಉತ್ತರ: ತಾಯಿ, ನಿಮ್ಮ ಯಜಮಾನರು ಸೈನಿಕರೇ. ಅವರ ಹೆಸರು ಟಿಎ ಪಟ್ಟಿಯಲ್ಲಿ ಇರುವವರೆಗೆ ಅವರು ‘ಮಾಜಿ’ಯೂ ಅಲ್ಲ, ನಾಳೆಯೇ ಕರೆ ಬಂದರೆ ಮತ್ತೆ ಹೊರಡಬೇಕಾದವರು. ‘ಪಾರ್ಟ್ ಟೈಂ’ ಎಂಬ ಹಂಗಿಕೆ ವರ್ಷಕ್ಕೆರಡು ತಿಂಗಳು ಬಂದುಹೋಗುವ ಅಧಿಕಾರಿಗೆ ಸ್ವಲ್ಪವಾದರೂ ಅಂಟೀತು. ಎಂಬಾಡಿಮೆಂಟ್ (ಸೇವೆಗೆ ಕರೆಸಿಕೊಳ್ಳುವ) ಆದೇಶದ ಮೇಲೆ ವರ್ಷಗಟ್ಟಲೆ ಪೂರ್ಣಾವಧಿ ಸೇವೆಯಲ್ಲಿದ್ದು, ಕಾಯಂ ಜವಾನನ ಪಕ್ಕದ ಬಂಕರಿನಲ್ಲೇ ಚಳಿ ತಿಂದ ಜವಾನನಿಗೆ ಅದು ಅಂಟುವುದಿಲ್ಲ. ಅವನ ಪಾಲಿಗೆ ಬಿಡುವಿನ ಅವಧಿ ಎಂದರೆ ಸಂಬಳವಿಲ್ಲದ ಅವಧಿ. ಇದನ್ನು ವ್ಯವಸ್ಥೆಯ ದೊಡ್ಡ ಲೋಪವೆಂದೇ ನಾನು ಭಾವಿಸುತ್ತೇನೆ. ಒಂದೇ ಪೋಸ್ಟಿನಲ್ಲಿ ಟಿಎಯವರೊಂದಿಗೆ ಕಾವಲು ನಿಂತ ಕಾಯಂ ಸೈನಿಕರು ಹೀಗೆ ಭೇದ ಮಾಡುವುದನ್ನು ನಾನು ಕಂಡದ್ದು ಕಡಿಮೆ. ಅಂಥ ಒಡನಾಟವೇ ಇಲ್ಲದವರಲ್ಲಿ ಕಂಡದ್ದು ಹೆಚ್ಚು. ಹಾಗಾಗಿ ಊರಿನವರಲ್ಲಿ ಕಾಶ್ಮೀರದಲ್ಲಿ ದುಡಿದವರೊಬ್ಬರನ್ನು ಹುಡುಕಿ ಅವರ ಮೂಲಕ ಮಾತಾಡಿಸಿ.

ಆಮಂತ್ರಣಕ್ಕಿಂತ ಮುಖ್ಯವಾದದ್ದು ಪಿಂಚಣಿ. ಜವಾನರಿಗೆ ಪಿಂಚಣಿ ಸಿಗಲು ಎಂಬಾಡಿಮೆಂಟಿನ ಅರ್ಹ ಸೇವೆ 15 ವರ್ಷ ಆಗಬೇಕು. ಮನೆಯಲ್ಲಿ ಕಳೆದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಮಾಜಿ ಸೈನಿಕರ ಮೀಸಲಾತಿಯೂ ಟಿಎಯವರ ಪೈಕಿ ಪಿಂಚಣಿದಾರರಿಗೆ, ಸೇನಾ ಸೇವೆಯ ಕಾರಣದಿಂದ ಅಂಗವಿಕಲರಾದವರಿಗೆ ಮತ್ತು ಶೌರ್ಯ ಪ್ರಶಸ್ತಿ ಪಡೆದವರಿಗೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಪ್ರತಿ ಬಾರಿ ಸೇವೆಗೆ ಸೇರಿದ ಮತ್ತು ಬಿಡುಗಡೆಯಾದ ದಿನಾಂಕಗಳಿರುವ ಆದೇಶದ ಪ್ರತಿಗಳನ್ನು ಜೋಪಾನವಾಗಿಡಿ, ಒಟ್ಟು ಅರ್ಹ ಸೇವೆ ಎಷ್ಟಾಗಿದೆ ಎಂಬುದನ್ನು ಬೆಟಾಲಿಯನ್ನಿನಿಂದ ಲಿಖಿತವಾಗಿ ಕೇಳಿ ಪಡೆಯಿರಿ, ಮತ್ತು ಆ ಕಾಗದಗಳನ್ನು ತೆಗೆದುಕೊಂಡು ಬೆಳಗಾವಿಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಒಮ್ಮೆ ಇಬ್ಬರೂ ಹೋಗಿ ಬನ್ನಿ.