ಕಾಂಟ್ ತಲೆಗೆ ಹತ್ತುತ್ತಿಲ್ಲ ಎಂಬ ಪ್ರಶ್ನೆಗೆ

ಬಿ.ಎ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೇ ಎಂ.ಎ. ತತ್ವಶಾಸ್ತ್ರದಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ತಲೆಗೆ ಹತ್ತುತ್ತಿಲ್ಲವೇ ಎಂದು ಕೇಳಿದ್ದೀರಿ. ಕಾರಣ ಇಂಗ್ಲಿಷ್ ಅಲ್ಲ ಅನ್ನಿಸುತ್ತದೆ. ಕಾಂಟ್ ಉತ್ತರ ಕೊಡುತ್ತಿದ್ದಾನೆ, ನೀವು ಇನ್ನೂ ಪ್ರಶ್ನೆಯನ್ನೇ ನೋಡಿಲ್ಲ. ನನಗೂ ಹೀಗೇ ಆಗಿತ್ತು.

ಆ ಪ್ರಶ್ನೆ ಕಾಂಟ್‌ಗಿಂತ ಮೊದಲಿನ ಸ್ಕಾಟಿಷ್ ತತ್ವಜ್ಞಾನಿ ಡೇವಿಡ್ ಹ್ಯೂಮ್‌ನದು. ಕೇರಂನಲ್ಲಿ ಸ್ಟ್ರೈಕರ್ ಬಡಿದರೆ ಕಾಯಿ ಓಡುತ್ತದೆ, ಸಾವಿರ ಸಲ ನೋಡಿದ್ದೇವೆ. ಆದರೆ 'ಓಡಲೇಬೇಕು' ಅನ್ನುವುದನ್ನು ಯಾವತ್ತಾದರೂ ಕಣ್ಣಾರೆ ಕಂಡಿದ್ದೇವಾ? ಇಲ್ಲ, ಅದು ಅಭ್ಯಾಸದಿಂದ ಬಂದ ನಿರೀಕ್ಷೆ ಅಷ್ಟೇ ಅಂದ ಹ್ಯೂಮ್. ತನ್ನನ್ನು ನಿದ್ದೆಯಿಂದ ಎಬ್ಬಿಸಿದ್ದು ಇವನೇ ಎಂದು ಕಾಂಟ್ ಬರೆದಿದ್ದಾನೆ.

ಹಾಗಾಗಿ ಕಾಂಟ್‌ನ ಮುಖ್ಯ ಪುಸ್ತಕ 'ಕ್ರಿಟೀಕ್ ಆಫ್ ಪ್ಯೂರ್ ರೀಸನ್' ಒಂದು ತಿಂಗಳು ಪಕ್ಕಕ್ಕಿಡಿ. ಮೊದಲು ಹ್ಯೂಮ್‌ನ 1748ರ 'ಎನ್‌ಕ್ವೈರಿ'ಯ 4 ಮತ್ತು 5ನೇ ಭಾಗ ಓದಿ. ಆಮೇಲೆ ಕಾಂಟ್‌ನದೇ 'ಪ್ರೊಲೆಗೊಮೆನಾ'. 1781ರಲ್ಲಿ ಬಂದ 'ಕ್ರಿಟೀಕ್' ಎಂಬ ದೊಡ್ಡ ಪುಸ್ತಕ ಓದುಗರಿಗೆ ಕಷ್ಟವಾಯಿತು ಎಂದೇ 1783ರಲ್ಲಿ ಅವನು ಬರೆದ ಚಿಕ್ಕ ಪುಸ್ತಕ ಇದು. ಕೊನೆಗೆ 'ಕ್ರಿಟೀಕ್'ಗೆ ಹೋಗಿ, 1787ರ ಆವೃತ್ತಿಯ ಪೀಠಿಕೆಯಿಂದ ಶುರು ಮಾಡಿ.

ಪ್ರತಿ ಪ್ಯಾರಾ ಮುಗಿದ ಮೇಲೆ ನಿಮ್ಮದೇ ಉದಾಹರಣೆ ಕೊಟ್ಟು ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಇದನ್ನು ಮಾತ್ರ ಬಿಡಲೇಬೇಡಿ. ಎಲ್ಲಿ ಬರೆಯಲು ಆಗುವುದಿಲ್ಲವೋ ಅದೇ ಮೇಷ್ಟ್ರನ್ನು ಕೇಳಬೇಕಾದ ಜಾಗ. 'ಎ ಪ್ರಿಯೊರಿ' (ಅನುಭವವನ್ನು ಆಧರಿಸದ ಜ್ಞಾನ) ಅನ್ನುವಂಥ ಪದಗಳನ್ನು ಹಾಗೇ ಇಟ್ಟುಕೊಳ್ಳಿ. ಸುಮ್ನೆ ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದ ಪದ ಅಂಟಿಸಿದರೆ ಗೊಂದಲ ಜಾಸ್ತಿ.

ಪರೀಕ್ಷೆ ಕನ್ನಡದಲ್ಲಿ ಬರೆಯಬಹುದಾ ಅನ್ನುವುದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ನಿಮ್ಮ ವಿಭಾಗದ ಕಚೇರಿಯಲ್ಲಿ ಈ ವಾರವೇ ಕೇಳಿಬಿಡಿ.