ಓದುಗರ ಪ್ರಶ್ನೆ: ಪಿಎಚ್ ಸೊನ್ನೆಗಿಂತ ಕೆಳಗೂ ಇಳಿಯುತ್ತದೆಯೇ?

ಪ್ರಶ್ನೆ: ಪಠ್ಯದಲ್ಲಿ ಪಿಎಚ್ ಮಾನ 0ಯಿಂದ 14 ಎಂದಿದೆ. ಟ್ಯೂಷನ್ ಮೇಷ್ಟ್ರು, ಲ್ಯಾಬಿನ ಬಾಟಲಿಯಲ್ಲಿರುವ ಹೈಡ್ರೊಕ್ಲೋರಿಕ್ ಆಮ್ಲದ ಪಿಎಚ್ ಮೈನಸ್ ಬರುತ್ತದೆ ಅಂದರು. ಯಾವುದು ಸರಿ? ಪರೀಕ್ಷೆಯಲ್ಲಿ ಏನು ಬರೆಯಲಿ?
– ಪಿಯುಸಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಮೇಷ್ಟ್ರು ಹೇಳಿದ್ದು ಸರಿ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನಶಾಸ್ತ್ರಜ್ಞ ಸೋರೆನ್‌ಸೆನ್ ಆಮ್ಲ, ಕ್ಷಾರಗಳ ಈ ಅಳತೆಯನ್ನು ಬಳಕೆಗೆ ತಂದರು. ಲೀಟರಿಗೆ ಎಷ್ಟು ಮೋಲ್ (ಕಣಗಳ ಎಣಿಕೆಯ ಏಕಮಾನ) ಹೈಡ್ರೊಜನ್ ಅಯಾನು ಇದೆಯೋ ಅದರ ಲಾಗ್ ತೆಗೆದು ಚಿಹ್ನೆ ತಿರುಗಿಸಿದರೆ ಪಿಎಚ್. ಈ ಲೆಕ್ಕದಲ್ಲಿ ಎಲ್ಲಿಯೂ ಬೇಲಿ ಇಲ್ಲ. ಲೀಟರಿಗೆ 1 ಮೋಲ್ ಇದ್ದರೆ ಪಿಎಚ್ 0. ಲ್ಯಾಬಿನ ಬಾಟಲಿಯ 37 ಪರ್ಸೆಂಟ್ ಆಮ್ಲದಲ್ಲಿ ಇರುವುದು ಸುಮಾರು 12 ಮೋಲ್, ಅಂದರೆ ಲೆಕ್ಕದಲ್ಲಿ ಮೈನಸ್ 1.08. ಅಷ್ಟು ಗಾಢವಾದ ದ್ರಾವಣದಲ್ಲಿ ಅಯಾನುಗಳನ್ನು ಸುತ್ತುವರಿಯಲು ನೀರೇ ಸಾಲದು. ಹಾಗಾಗಿ ಅವು ಎಣಿಕೆಗಿಂತ ಜೋರಾಗಿ ವರ್ತಿಸುತ್ತವೆ, ನಿಜವಾದ ಪಿಎಚ್ ಇನ್ನೂ ಕೆಳಗಿರುತ್ತದೆ. ರಸಾಯನಶಾಸ್ತ್ರದವರು ಆಕ್ಟಿವಿಟಿ ಎನ್ನುವುದು ಈ ವರ್ತನೆಯ ಬಲವನ್ನು. ಇವತ್ತಿನ ವ್ಯಾಖ್ಯೆ ನಿಂತಿರುವುದು ಅದರ ಮೇಲೆ, ಬರೀ ಎಣಿಕೆಯ ಮೇಲೆ ಅಲ್ಲ.

ಕ್ಷಾರಗಳಿರುವ ಮೇಲಿನ ತುದಿಯಲ್ಲೂ ಹೀಗೇ. ಕಾಸ್ಟಿಕ್ ಸೋಡಾವನ್ನು ತೂಕದಲ್ಲಿ ಅರ್ಧದಷ್ಟು ಕರಗಿಸಿದರೆ ಲೀಟರಿಗೆ ಸುಮಾರು 19 ಮೋಲ್, ಲೆಕ್ಕದಲ್ಲಿ ಪಿಎಚ್ 15 ದಾಟುತ್ತದೆ. ನಿಸರ್ಗದಲ್ಲೂ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್‌ನ ರಿಚ್ಮಂಡ್ ಗಣಿಯಲ್ಲಿ ಪೈರೈಟ್ ಅದಿರು ಗಾಳಿ, ನೀರು ತಾಗಿ ಗಂಧಕಾಮ್ಲವಾಗುತ್ತದೆ. ಒಳಗಿನ ಕಾವಿಗೆ ನೀರು ಆವಿಯಾಗಿ ಉಳಿದದ್ದು ಗಾಢವಾಗುತ್ತದೆ. ಅಲ್ಲಿ ಅಳೆದ ಅತಿ ಕಡಿಮೆ ಪಿಎಚ್ ಮೈನಸ್ 3.6. ಅಳೆದದ್ದು ಅಂಗಡಿಯ ಬಫರ್ (ಮೀಟರ್ ಹೊಂದಿಸಲು ಬಳಸುವ, ಪಿಎಚ್ ಗೊತ್ತಿರುವ ದ್ರಾವಣ) ನಂಬಿಕೊಂಡಲ್ಲ, ಗಾಢ ಗಂಧಕಾಮ್ಲದ ದ್ರಾವಣಗಳನ್ನೇ ಮಾನಕವಾಗಿ ಇಟ್ಟುಕೊಂಡು.

ಹಾಗಾದರೆ 14 ಎಲ್ಲಿಂದ ಬಂತು? 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನೊಳಗಿನ ಹೈಡ್ರೊಜನ್ ಮತ್ತು ಹೈಡ್ರಾಕ್ಸಿಲ್ ಅಯಾನುಗಳ ಗುಣಲಬ್ಧ 10⁻¹⁴. ಲೀಟರಿಗೆ 1 ಮೋಲ್ ಆಮ್ಲ ಒಂದು ಕಡೆ, 1 ಮೋಲ್ ಕ್ಷಾರ ಇನ್ನೊಂದು ಕಡೆ ಇಟ್ಟರೆ ಆ ನಡುವಿನ ಜಾಗವೇ 0ಯಿಂದ 14. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಜೊತೆಗೆ ‘25 ಡಿಗ್ರಿಯಲ್ಲಿ, ಸಾರರಿಕ್ತ ಜಲದ್ರಾವಣಗಳಿಗೆ’ ಎಂದು ಸೇರಿಸಿ. ಅಂಕ ಕಳೆಯಲು ಯಾರಿಗೂ ಕಾರಣ ಸಿಗದು. ನೀರೇ ಇಲ್ಲದ ಗಂಧಕಾಮ್ಲಕ್ಕೆ ಪಿಎಚ್ ಹೇಳುವುದೇ ಅಸಂಗತ. ಅಂಥವಕ್ಕೆ 1932ರಲ್ಲಿ ಹ್ಯಾಮೆಟ್ ರೂಪಿಸಿದ ಬೇರೆಯೇ ಮಾನವಿದೆ, ಅದರಲ್ಲಿ ಶುದ್ಧ ಗಂಧಕಾಮ್ಲ ಸುಮಾರು ಮೈನಸ್ 12.

ಪರೀಕ್ಷೆಯಲ್ಲಿ ಎಡವಿಸುವ ಇನ್ನೊಂದು ಲೆಕ್ಕ: 10⁻⁸ ಮೋಲ್ ಹೈಡ್ರೊಕ್ಲೋರಿಕ್ ಆಮ್ಲದ ಪಿಎಚ್ 8 ಅಲ್ಲ. ಆಮ್ಲ ಹಾಕಿದ ನೀರು ಕ್ಷಾರವಾದೀತೇ? ನೀರಿನದೇ ಅಯಾನುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ 6.98.

ಪ್ರಶ್ನೆ: ಕುದಿಯುವ ನೀರಿನ ಪಿಎಚ್ 6.1 ಎಂದು ಓದಿದೆ. ಅದು ಆಮ್ಲವೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಅಲ್ಲ. ಬಿಸಿಯಾದಂತೆ ನೀರು ಹೆಚ್ಚು ಒಡೆಯುತ್ತದೆ, ಎರಡೂ ಅಯಾನು ಸಮಸಮವಾಗಿ ಹೆಚ್ಚುತ್ತವೆ. ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ ಎನ್ನುವ ತಟಸ್ಥ ಬಿಂದು 0 ಡಿಗ್ರಿಯಲ್ಲಿ 7.47, 100 ಡಿಗ್ರಿಯಲ್ಲಿ 6.14. ಪಿಎಚ್ ಮೀಟರಿನ ಮೇಲೆ ಬರೆದಿರುವ ‘ಎಟಿಸಿ’ (ತಾಪಕ್ಕೆ ತಾನಾಗಿ ಹೊಂದಿಕೊಳ್ಳುವ ಏರ್ಪಾಡು) ಇದನ್ನು ಸರಿಪಡಿಸುವುದಿಲ್ಲ. ಎಲೆಕ್ಟ್ರೋಡಿನ ಮಿಲಿವೋಲ್ಟ್ ಲೆಕ್ಕವನ್ನು ಮಾತ್ರ ತಾಪಕ್ಕೆ ಹೊಂದಿಸುತ್ತದೆ.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ಸಿಂಪಡಣೆ ದ್ರಾವಣ) ಮಾಡುವಾಗ ಪೆನ್ ಮೀಟರ್ ಬಳಸುತ್ತೇನೆ. ಸುಣ್ಣದ ತಿಳಿ 12.4 ತೋರಿಸುತ್ತದೆ. ಮತ್ತೆ ಎಷ್ಟು ಸುಣ್ಣ ಹಾಕಿದರೂ ಏರುವುದಿಲ್ಲ. 14ರವರೆಗೆ ಹೋಗಬೇಕಲ್ಲವೇ? ಮೀಟರ್ ಕೆಟ್ಟಿದೆಯೇ?
– ಅಡಿಕೆ ಬೆಳೆಗಾರರು, ಹೊಸನಗರ ತಾಲ್ಲೂಕು

ಉತ್ತರ: ಮೀಟರ್ ಸರಿಯಾಗಿದೆ, ಸುಣ್ಣದ ಮಿತಿಯೇ ಅಷ್ಟು. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಅರಳಿದ ಸುಣ್ಣ ಒಂದೂವರೆ ಗ್ರಾಂಗಿಂತ ಚೂರು ಹೆಚ್ಚು. ಉಳಿದದ್ದು ಹಾಲಿನಂತೆ ತೇಲುತ್ತದೆ, ಆಮೇಲೆ ತಳ ಸೇರುತ್ತದೆ. ಚೀಲಗಟ್ಟಲೆ ಸುರಿದರೂ ತಿಳಿಯ ಪಿಎಚ್ 12.4ರ ಹತ್ತಿರವೇ ನಿಲ್ಲುತ್ತದೆ. (ಮಳೆಗಾಲದ ಚಳಿಯಲ್ಲಿ ನೀರು 20 ಡಿಗ್ರಿ ಇದ್ದರೆ 12.6 ಬಂದೀತು.) ಇನ್ನೊಂದು ಮಾತು: ಮೀಟರಿನ ಡಬ್ಬಿಯ ಮೇಲೆ 0–14 ಎಂದಿದ್ದರೂ ಗಾಜಿನ ಎಲೆಕ್ಟ್ರೋಡನ್ನು ಎರಡೂ ತುದಿಯಲ್ಲಿ ನಂಬಲಾಗದು. ಕಾಸ್ಟಿಕ್ ಸೋಡಾದಂಥ ಕ್ಷಾರದಲ್ಲಿ ಸೋಡಿಯಂ ಅಯಾನನ್ನೇ ಹೈಡ್ರೊಜನ್ ಎಂದುಕೊಂಡು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಗಾಢ ಆಮ್ಲದಲ್ಲೂ ತಪ್ಪುತ್ತದೆ. ಬ್ಯಾಟರಿ ಅಂಗಡಿಯವರು ಆಸಿಡ್ಡಿಗೆ ಹೈಡ್ರೋಮೀಟರ್ ಇಳಿಬಿಟ್ಟು ಸಾಂದ್ರತೆ 1.28 ಇದೆಯೇ ಎಂದು ನೋಡುವುದು ಇದಕ್ಕಿಂತ ಎಷ್ಟೋ ಜಾಣತನದ ಕೆಲಸ.

ನಿಮಗೆ ಬೇಕಾದದ್ದು ಸುಣ್ಣದ ತಿಳಿಯ ಪಿಎಚ್ ಅಲ್ಲ, ಕೂಡಿಸಿದ ದ್ರಾವಣದ್ದು. 1 ಪರ್ಸೆಂಟ್ ಬೋರ್ಡೋಗೆ 1 ಕೆಜಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ, ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸಿ. ಕಬ್ಬಿಣದ ಪಾತ್ರೆಯಾದರೆ ತಾಮ್ರವೆಲ್ಲ ಅದರ ಮೈಗೆ ಅಂಟುತ್ತದೆ. ಸುಣ್ಣದ ಹಾಲನ್ನು ಬಟ್ಟೆಯಲ್ಲಿ ಸೋಸಿ, ಅದಕ್ಕೆ ತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತ ಕದಡಬೇಕು. ತಿರುವುಮುರುವು ಮಾಡಿದರೆ ಕಣ ದಪ್ಪವಾಗಿ ತಳಕ್ಕೆ ಇಳಿಯುತ್ತದೆ, ನಾಜಲ್ ಕಟ್ಟುತ್ತದೆ. ಕೊನೆಗೆ ಪಿಎಚ್ 7ಕ್ಕೆ ಕಡಿಮೆ ಇರಬಾರದು, ತುಸು ಕ್ಷಾರದ ಕಡೆಗೇ ಇರಲಿ. ಆಮ್ಲ ಉಳಿದರೆ ಬಿಡಿ ತಾಮ್ರ ಎಳೆಗಾಯಿ, ಹಿಂಗಾರವನ್ನು ಸುಡುತ್ತದೆ. ಮೀಟರ್ ಜೊತೆಗೆ ಉಜ್ಜಿ ಹೊಳೆಯಿಸಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣದ ಹಾಲು ಬೇಕು. ಗಾಳಿಗೆ ಬಿಟ್ಟ ಹಳೆಯ ಸುಣ್ಣ ಅರ್ಧಂಬರ್ಧ ಕಾರ್ಬೊನೇಟ್ ಆಗಿರುತ್ತದೆ, 1 ಕೆಜಿ ಸಾಲದೇ ಹೋಗುವುದು ಅದಕ್ಕೇ. ಕೂಡಿಸಿದ ದಿನವೇ ಹೊಡೆದು ಮುಗಿಸಿ.

ಎಲೆಕ್ಟ್ರೋಡಿನ ತುದಿಯ ಗಾಜಿನ ಬಲ್ಬಿಗೆ ನೀಲಿ ಗಸಿ ಹತ್ತಿದರೆ ಮೀಟರ್ ಜಡವಾಗುತ್ತದೆ. ವಿನೆಗರಿನಲ್ಲಿ ಕೆಲವು ನಿಮಿಷ ಅದ್ದಿ, ತೊಳೆದು, ಲೀಟರಿಗೆ 3 ಮೋಲ್ ಪೊಟ್ಯಾಶಿಯಂ ಕ್ಲೋರೈಡ್ ಇರುವ ದ್ರಾವಣದಲ್ಲಿಡಿ. ಡಿಸ್ಟಿಲ್ಡ್ ನೀರಿನಲ್ಲಿ ಇಡಬೇಡಿ.

ಪ್ರಶ್ನೆ: ಹಿಡಿದಿಟ್ಟ ಮಳೆನೀರಿನ ಪಿಎಚ್ ನೋಡಿದರೆ ಒಮ್ಮೆ 5.4, ಒಮ್ಮೆ 6.3. ಅಂಕಿ ನಿಲ್ಲುವುದೇ ಇಲ್ಲ.
– ಶಿಕ್ಷಕರು, ಆಗುಂಬೆ

ಉತ್ತರ: ಮಳೆನೀರಿನಲ್ಲಿ ಲವಣ ತೀರ ಕಡಿಮೆ, ವಿದ್ಯುತ್ ಸರಿಯಾಗಿ ಹರಿಯದು, ಪಿಎಚ್ ಅಲುಗದಂತೆ ಹಿಡಿದಿಡುವ ಬಫರ್ ಶಕ್ತಿಯಂತೂ ಇಲ್ಲವೇ ಇಲ್ಲ. ಪಿಎಚ್ 4.01 ಮತ್ತು 6.86ರ ಬಫರ್ ಪುಡಿಗಳನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಮೀಟರ್ ಹೊಂದಿಸಿ. ಆಮೇಲೆ ಅಳೆಯಬೇಕಾದ ಮಳೆನೀರಿನಲ್ಲೇ ಎಲೆಕ್ಟ್ರೋಡನ್ನು ಮೂರ್ನಾಲ್ಕು ಸಲ ತೊಳೆಯಿರಿ, ಒಂದು ಹನಿ ಬಫರ್ ಉಳಿದರೂ ಅಂಕಿ ಕೆಡುತ್ತದೆ. 100 ಮಿಲೀ ನೀರಿಗೆ ಲ್ಯಾಬಿನ ಶುದ್ಧ ಪೊಟ್ಯಾಶಿಯಂ ಕ್ಲೋರೈಡಿನ ಗಾಢ ದ್ರಾವಣ ಐದಾರು ಹನಿ ಹಾಕಿ (ಗೊಬ್ಬರದ ಪೊಟ್ಯಾಷ್ ಬೇಡ), ಕದಡದೆ ಐದು ನಿಮಿಷ ಬಿಡಿ. 5.6ರ ಆಸುಪಾಸು ಬಂದರೆ ಗಾಬರಿ ಬೇಡ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದ ಶುದ್ಧ ನೀರೂ ಅಷ್ಟೇ ತೋರಿಸುತ್ತದೆ.

ಪ್ರಶ್ನೆ: ತೋಟದ ಮಣ್ಣಿನ ಪಿಎಚ್ 5.2. ಎಕರೆಗೆ ಎಷ್ಟು ಸುಣ್ಣ ಹಾಕಲಿ?
– ಕೃಷಿಕರು, ಸಾಗರ

ಉತ್ತರ: ಆ ಒಂದು ಅಂಕಿಯಿಂದ ಹೇಳಲಾಗದು. ಪಿಎಚ್ ತೋರಿಸುವುದು ಆಮ್ಲದ ತೀಕ್ಷ್ಣತೆ, ದಾಸ್ತಾನಲ್ಲ. ಲೀಟರಿಗೆ 0.1 ಮೋಲ್ ಅಸಿಟಿಕ್ ಆಮ್ಲದ ಪಿಎಚ್ 2.9, 0.001 ಮೋಲ್ ಹೈಡ್ರೊಕ್ಲೋರಿಕ್ ಆಮ್ಲದ್ದು 3. ಆದರೆ ಮೊದಲನೆಯದನ್ನು ತಟಸ್ಥಗೊಳಿಸಲು 100 ಪಟ್ಟು ಕ್ಷಾರ ಬೇಕು. ಮಣ್ಣಿನಲ್ಲೂ ಜೇಡಿ, ಸಾವಯವ ಅಂಶ ಹೆಚ್ಚಿದ್ದಷ್ಟೂ ದಾಸ್ತಾನು ಹೆಚ್ಚು. ಮಣ್ಣು ಪರೀಕ್ಷೆಗೆ ಕೊಡುವಾಗ ‘ಸುಣ್ಣದ ಅಗತ್ಯ’ವನ್ನೂ ಬಫರ್ ವಿಧಾನದಲ್ಲಿ ನೋಡಿಕೊಡಿ ಎಂದು ಕೇಳಿ. ಮನೆಯಲ್ಲೇ ಪಿಎಚ್ ನೋಡುವುದಾದರೆ 10 ಗ್ರಾಂ ಮಣ್ಣಿಗೆ 25 ಮಿಲೀ ಡಿಸ್ಟಿಲ್ಡ್ ನೀರು ಹಾಕಿ, ಅರ್ಧ ಗಂಟೆ ಆಗಾಗ ಕದಡಿ ಅಳೆಯಿರಿ. ಪ್ರತಿ ಸಲ ಇದೇ ಪ್ರಮಾಣ ಇರಲಿ. ನೀರು ಹೆಚ್ಚುಕಡಿಮೆಯಾದರೆ ಹೋದ ವರ್ಷದ ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ.