1500ಡಿ ಉಂಟು, ಇದ್ರಲ್ಲಿ ಸ್ಟುಡಿಯೋ ತರ ಪೋರ್ಟ್ರೇಟ್ ಬರ್ತದಾ?

ಪ್ರಶ್ನೆ: ನನ್ನ ಹತ್ರ ಕ್ಯಾನನ್ 1500ಡಿ ಉಂಟು, ಲೆನ್ಸ್ ಅದ್ರ ಜೊತೆ ಬಂದ 18-55 ಎಂಎಂ ಝೂಮ್ ಮಾತ್ರ. ಬರುವ ತಿಂಗಳು ಅಕ್ಕನ ಸೀಮಂತ, ಮನೆಯಲ್ಲೇ ಅವಳ ಒಳ್ಳೆ ಪೋರ್ಟ್ರೇಟ್ ತೆಗಿಬೇಕಂತ ಆಸೆ. ಫ್ರೆಂಡ್ಸ್ ಎಲ್ಲ "ಅದು ಕಲಿಲಿಕ್ಕೆ ಮಾತ್ರ, ಪ್ರೊಫೆಷನಲ್ ಲುಕ್ ಬೇಕಾದ್ರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ ಕ್ಯಾಮೆರಾ) ತಗೋ" ಅಂತಾರೆ. ಇಎಂಐ ಹಾಕಿ ತಗೊಳ್ಳುದಾ?
– ಓದುಗರು, ಕಾಪು

ಉತ್ತರ: ಇಎಂಐ ಎಲ್ಲ ಬೇಡ ಮಾರಾಯ್ರೆ. ನಿಮ್ಮ ಕ್ಯಾಮೆರಾದ್ದು 24 ಮೆಗಾಪಿಕ್ಸೆಲ್, ಅಂದ್ರೆ ಒಂದು ಫೋಟೋ 6000 ಇಂಟು 4000 ಪಿಕ್ಸೆಲ್, ಮದುವೆ ಆಲ್ಬಂನ 12×18 ಸೈಜಿಗೆ ಪ್ರಿಂಟ್ ಹಾಕಿದ್ರೂ ಇಂಚಿಗೆ 333 ಪಿಕ್ಸೆಲ್ ಸಿಗ್ತದೆ, ಪ್ರಿಂಟಿಗೆ 300 ಇದ್ರೆ ಧಾರಾಳ. ಗೋಡೆಗೆ ಹಾಕಿದ ಫೋಟೋ ನೋಡಿ ಇದು ಯಾವ ಬಾಡಿಯದ್ದು ಅಂತ ನಿಮ್ಮ ಫ್ರೆಂಡ್ಸಿಗೆ ಹೇಳ್ಲಿಕ್ಕೆ ಆಗ್ತದಾ ಕೇಳಿ ನೋಡಿ.

ಹಾಳಾಗುದು ಬೇರೆ ಕಡೆ. ಹೊಸಬರು ಹೆಚ್ಚಿನವರು 18ರಲ್ಲಿ ಇಟ್ಟು ಮುಖದ ಹತ್ರ ಹೋಗಿ ತೆಗೀತಾರೆ, ಆಗ ಮೂಗು ದಪ್ಪ ಕಾಣ್ತದೆ ಕಿವಿ ಹಿಂದೆ ಹೋಗ್ತದೆ, ಅಕ್ಕ ಬೈತಾರೆ. 55ಕ್ಕೆ ಝೂಮ್ ಮಾಡಿ ಎರಡು ಮೀಟರ್ ದೂರ ನಿಂತ್ಕೊಳ್ಳಿ, ಅವ್ರ ಹಿಂದೆ ಗೋಡೆ ಆದಷ್ಟು ದೂರ ಇರ್ಲಿ, ಅಷ್ಟರಲ್ಲೇ ಅರ್ಧ ಕೆಲ್ಸ ಆಯ್ತು. ಆದ್ರೆ ಆ ಲೆನ್ಸ್ 55ರಲ್ಲಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುದಿಲ್ಲ (ಎಫ್ ನಂಬರ್ ಸಣ್ಣ ಆದಷ್ಟು ಲೆನ್ಸಿನ ಕಿಂಡಿ ದೊಡ್ಡದು). ದುಡ್ಡು ಹಾಕುದೇ ಆದ್ರೆ 50 ಎಂಎಂ ಎಫ್ 1.8ಕ್ಕೆ ಹಾಕಿ, ಬೆಳಕು ಹೆಚ್ಚು ಕಡಿಮೆ 9-10 ಪಟ್ಟು ಜಾಸ್ತಿ ಒಳಗೆ ಬರ್ತದೆ, ಮತ್ತೆ ನಿಮ್ಮ ಸಣ್ಣ ಸೆನ್ಸರಿನಲ್ಲಿ ಅದು ಫುಲ್ ಫ್ರೇಮಿನ 80 ಎಂಎಂ ತರ ಕೆಲ್ಸ ಮಾಡ್ತದೆ, ಮುಖಕ್ಕೆ ಹೇಳಿ ಮಾಡಿಸಿದ ಹಾಗೆ. ಹಾಗಂತ ಯಾವಾಗ್ಲೂ 1.8ರಲ್ಲೇ ಹೊಡಿಬೇಡಿ, ಒಂದು ಕಣ್ಣು ಶಾರ್ಪ್ ಬಂದು ಇನ್ನೊಂದು ಮಸುಕು ಆಗ್ತದೆ, 2.8 ಸಾಕು. ಶಟರ್ 1/160 ಸೆಕೆಂಡಿಗಿಂತ ನಿಧಾನ ಮಾಡ್ಬೇಡಿ. ಫೋಕಸ್ ಪಾಯಿಂಟ್ ಇರುದು ಒಂಬತ್ತೇ, ಕತ್ತಲೆ ಜಾಗದಲ್ಲಿ ನಂಬ್ಲಿಕ್ಕೆ ಆಗುದು ನಡುವಿನದ್ದು ಮಾತ್ರ, ಅದನ್ನು ಹತ್ರದ ಕಣ್ಣಿಗೆ ಇಡಿ.

ಇನ್ನು ಬೆಳಕು. ನಿಮ್ದು ಹಳೆ ಹಂಚಿನ ಮನೆ ಆದ್ರೆ ಸ್ಟುಡಿಯೋ ಮನೆಯಲ್ಲೇ ಉಂಟು. ಬೆಳಿಗ್ಗೆ ಅಕ್ಕನನ್ನು ಜಗಲಿಯ ಅಂಚಲ್ಲಿ, ಮಾಡಿನ ನೆರಳಲ್ಲೇ, ಅಂಗಳಕ್ಕೆ ಮುಖ ಮಾಡಿ ಕೂರಿಸಿ, ಹಿಂದೆ ಚಾವಡಿಯ ಬಾಗಿಲು ತೆರೆದಿರ್ಲಿ, ಒಳಗಿನ ಕತ್ತಲೆಯೇ ಬ್ಯಾಕ್‌ಗ್ರೌಂಡ್. ಎರಡು ಕಡೆ ಮಾತ್ರ ನಮ್ಮ ಊರಲ್ಲಿ ಮೋಸ ಆಗುದು: ಕೆಂಪು ಕಾವಿ ನೆಲ ಇದ್ರೆ ಗಲ್ಲದ ಅಡಿಗೆ ಕೆಂಪು ಹೊಡೀತದೆ, ಅಡಿಕೆ ತೋಟ ಎದುರೇ ಇದ್ರೆ ಕೆನ್ನೆ ಹಸಿರು ಹಸಿರು, ಆಮೇಲೆ ಎಷ್ಟು ಎಡಿಟ್ ಮಾಡಿದ್ರೂ ಚರ್ಮದ ಬಣ್ಣ ಸರಿ ಬರುದಿಲ್ಲ, ಮತ್ತೆ ಬೈಗುಳ ಪಾಪದ ಕ್ಯಾಮೆರಾಕ್ಕೆ! ಮುಂದೆ ನೆಲಕ್ಕೆ ಒಂದು ಬಿಳಿ ಬೆಡ್‌ಶೀಟ್ ಹಾಸಿ, ಅಪ್ಪನ ಬಿಳಿ ಮುಂಡಾದ್ರೂ ನಡೀತದೆ, ಕೆಂಪೂ ಹೋಗ್ತದೆ ಕಣ್ಣಿನ ಕೆಳಗಿನ ನೆರಳೂ ಹೋಗ್ತದೆ. ತೋಟದ ಹಸಿರಿಗೆ ಔಷಧಿ ಇಲ್ಲ, ಜಾಗ ಬದಲಿಸಿ. ರಾ (RAW) ಫೈಲಲ್ಲೇ ತೆಗೀರಿ, ಅಂದ್ರೆ ಕ್ಯಾಮೆರಾ ಜೆಪೆಗ್ ಮಾಡುವ ಮೊದಲಿನ ಕಚ್ಚಾ ಫೈಲು.

ಸೀಮಂತಕ್ಕೆ ಶಂಕರಪುರ ಮಲ್ಲಿಗೆ ಇಲ್ಲದೆ ಆಗ್ತದಾ, ಅದು ಸರೀ ಬಿಳಿ, ಮುಖಕ್ಕೆ ಬೆಳಕು ಅಳೆದ್ರೆ ಹೂ ಸುಟ್ಟು ಸುಣ್ಣದ ಹಾಗೆ ಆಗ್ತದೆ. ಫೋಟೋ ತೆಗೆದು ಸ್ಕ್ರೀನಲ್ಲಿ ಇನ್ಫೋ ಹಾಕಿ ನೋಡಿ, ಹೂವಿನ ಜಾಗ ಮಿಣುಕಿದ್ರೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಏಳಿಸ್ಲೇಬೇಡಿ, ನಮ್ಮ ಸೆಕೆಗೆ ಬೆವರಿದ ಹಣೆಯೆಲ್ಲ ಪಳಪಳ. ಟಿಶ್ಯೂ ಹತ್ರ ಇರ್ಲಿ. ಮುಂದೆ ಹೊರಗಿನ ಫ್ಲ್ಯಾಶ್ ತಗೊಳ್ಳುದಾದ್ರೆ ಕೇಳಿಯೇ ತಗೊಳ್ಳಿ, 1500ಡಿಯ ಹಾಟ್ ಶೂನಲ್ಲಿ (ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ನಡುವಿನ ಪಿನ್ ಇಲ್ಲ, ಅಗ್ಗದ ಮ್ಯಾನುಯಲ್ ಫ್ಲ್ಯಾಶು, ಟ್ರಿಗರು ಅದ್ರಲ್ಲಿ ಹೊಡಿಯುದೇ ಇಲ್ಲ.

ನಿಮ್ಮ ಫ್ರೆಂಡ್ಸ್ ಹೇಳುದು ಪೂರ್ತಿ ಸುಳ್ಳೂ ಅಲ್ಲ. ನಾಳೆ ದುಡ್ಡು ತಗೊಂಡು ಮದುವೆ ಹಾಲ್‌ನಲ್ಲಿ ಫೋಟೋ ತೆಗಿಲಿಕ್ಕೆ ಹೊರಟ್ರೆ ಇದು ಕೈ ಕೊಡ್ತದೆ, ಸೆಕೆಂಡಿಗೆ 3 ಫೋಟೋ, ಕಾರ್ಡ್ ಸ್ಲಾಟ್ ಒಂದೇ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200 ದಾಟಿದ್ರೆ ನಾಯ್ಸ್, ಅಂದ್ರೆ ಫೋಟೋ ಕಾಳು ಕಾಳು. ಆಗ ಒಳ್ಳೆ ಬಾಡಿ ಬಾಡಿಗೆಗೆ ತಗೊಳ್ಳಿ, ಕೆಲ್ಸ ಬರ್ತಾ ಇದ್ರೆ ಮತ್ತೆ ಖರೀದಿ ನೋಡುವ.

50 ಎಂಎಂ ಸೆಕೆಂಡ್ ಹ್ಯಾಂಡ್ ತಗೊಳ್ಳುದಾದ್ರೆ ಮೊಬೈಲ್ ಟಾರ್ಚ್ ಹಾಕಿ ಗಾಜಿನ ಒಳಗೆ ನೋಡಿ, ಜೇಡನ ಬಲೆ ತರ ಗೆರೆ ಕಂಡ್ರೆ ಫಂಗಸ್, ಬಿಟ್ಟು ಬನ್ನಿ. ನಿಮ್ಮದನ್ನೂ ಮಳೆಗಾಲ ಪೂರ್ತಿ ಬ್ಯಾಗಲ್ಲಿ ಮುಚ್ಚಿಡ್ಬೇಡಿ, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ, ನೀಲಿ ಹರಳು ಗುಲಾಬಿ ಆದ್ರೆ ಬಿಸಿ ಮಾಡಿ ಒಣಗಿಸಿ ವಾಪಸ್ ಹಾಕಿದ್ರಾಯ್ತು.